ಕುನಿಯೆ ಅಜ್ಜಿಯ ತೊಟ್ಟಿ ಕುರಿತ ಸರ್ವಾನುಮತದ ನಿರ್ಣಯ

ಒಸಾಕಾ ಹೊರವಲಯದ ಸುಗಿನೊಕಿ ವಸತಿ ಸಮುಚ್ಚಯದ ಮೂರನೇ ಕಟ್ಟಡದಲ್ಲಿ ಸ್ನಾನದ ತೊಟ್ಟಿಯನ್ನು ಕಿತ್ತುಹಾಕಬಾರದೆಂದು ಯಾವ ನಿಯಮದಲ್ಲೂ ಹೇಳಿಲ್ಲ. ಹೇಳಿಲ್ಲದ ಕಾರಣ, ಕಿತ್ತುಹಾಕಲು ಅನುಮತಿ ಕೊಡುವ ಅಧಿಕಾರವೂ ಯಾರಿಗೂ ಇಲ್ಲ. ಅನುಮತಿ ಕೊಡುವವರೇ ಇಲ್ಲದ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಸಭ್ಯರ ಲಕ್ಷಣವಲ್ಲ. ಹೀಗಾಗಿ ನೆಲಮಹಡಿಯ ಕುನಿಯೆ ಅಜ್ಜಿಯ ಬಚ್ಚಲಲ್ಲಿ ತೊಟ್ಟಿ ಒಳಗಿತ್ತು, ಅಜ್ಜಿ ಹೊರಗಿದ್ದಳು.

ತೊಟ್ಟಿಯ ತಪ್ಪೇನೂ ಇರಲಿಲ್ಲ. ಗಂಡ ಬದುಕಿದ್ದಾಗ ಮೊದಲು ಅವನು, ಆಮೇಲೆ ಮಕ್ಕಳು, ಕೊನೆಗೆ ಅದೇ ಬಿಸಿನೀರಿಗೆ ಕುನಿಯೆ, ಹೀಗೆ ಒಬ್ಬೊಬ್ಬರೇ ಮೈ ತೊಳೆದುಕೊಂಡು ಬಂದು ಕುತ್ತಿಗೆವರೆಗೆ ಮುಳುಗಿ ಕೂತೆದ್ದ ತೊಟ್ಟಿ ಅದು. ಆದರೆ ಬಚ್ಚಲು ಅಂಗೈಯಗಲ, ಅದರಲ್ಲಿ ಅರ್ಧ ತೊಟ್ಟಿಯದೇ ಸಂಸಾರ. ಅಂಚು ಮಂಡಿಗಿಂತ ಎತ್ತರ. ಮಂಡಿಯೋ, ಅಜ್ಜಿಯ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಹೋದ ಚಳಿಗಾಲದಲ್ಲಿ ಒಳಗಿಳಿದವಳಿಗೆ ಮೇಲೇಳಲಾಗದೆ, ನೀರು ತಣ್ಣಗಾಗಿ, ಹಲ್ಲು ಕಟಕಟ ಅನ್ನುವಾಗ ಪಕ್ಕದ ಮನೆಯ ತೊಮೊಎ ಕೂಗು ಕೇಳಿ ಓಡಿ ಬಂದು ಹೊರಗೆಳೆದು ಹಾಕಿದ್ದಳು. ಅವತ್ತು ಅಜ್ಜಿಗೆ ಸಾಯುವ ಭಯಕ್ಕಿಂತ ಬೆತ್ತಲೆ ಸಾಯುವ ಭಯ ಹೆಚ್ಚಾಗಿತ್ತು. ಅಂದಿನಿಂದ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೇ ಕಾಲ ಹಾಕುತ್ತಿದ್ದಳು. ತೊಟ್ಟಿ ಹೋಗಿ ಅಲ್ಲೊಂದು ಸ್ಟೂಲು, ಒಂದು ಷವರ್, ಗೋಡೆಗೊಂದು ಹಿಡಿ ಬರಬೇಕು, ಬಿಸಿನೀರು ಬೆನ್ನ ಮೇಲೆ ಧಾರಾಳವಾಗಿ ಬೀಳಬೇಕು. ಅವಳ ಆಸೆ ಅಷ್ಟೇ.

"ಇದೇನ್ ಮಹಾ ಕೆಲ್ಸ ಅಜ್ಜಿ," ಎಂದ ಬಚ್ಚಲು ರಿಪೇರಿಯ ಮೊಗಾಮಿ. "ಬೆಳಿಗ್ಗೆ ಕೀಳ್ತೀನಿ, ಸಂಜೆಯೊಳಗೆ ಟೈಲ್ಸ್ ಹಾಕ್ತೀನಿ. ಒಂದೇ ಮಾತು, ಯಾರನ್ನೂ ಕೇಳೋಕ್ ಹೋಗ್ಬೇಡಿ."

"ಕೇಳ್ದೆ ಹೆಂಗಪ್ಪಾ ಮಾಡೋದು? ನಾಲ್ಕ್ ಜನ ಇರೋ ಜಾಗ."

"ಆ ನಾಲ್ಕ್ ಜನಾನೂ ಕೇಳ್ಲಿಲ್ವಲ್ಲ," ಎಂದು ಅವನು ಅಳತೆ ಟೇಪು ಸುತ್ತಿಕೊಂಡ. ಅಜ್ಜಿಗೆ ಅದು ಅರ್ಥವಾಗಲಿಲ್ಲ.

ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷ ಶಿರಾಹಾಮಾ ನಿವೃತ್ತರಾದ ಮೇಲೆ ತೋಳಿಗೆ ಸಂಘದ ಹಸಿರು ಪಟ್ಟಿ ಕಟ್ಟಿಕೊಳ್ಳದೆ ಕಸ ಹಾಕಲೂ ಹೊರಗೆ ಬಂದವರಲ್ಲ. ಅಜ್ಜಿಯ ಮಾತನ್ನು ಅವರು ಕಣ್ಣು ಮುಚ್ಚಿ ಕೇಳಿದರು.

"ತೊಟ್ಟಿ ತೆಗೀತೀರಾ? ನಾಳೆ ಭೂಕಂಪ ಆಗಿ ನಲ್ಲಿ ನಿಂತ್ರೆ ಏನ್ ಗತಿ? ಸ್ನಾನದ ನೀರನ್ನ ಚೆಲ್ದೆ ಇಟ್ಕೊಳ್ಳೋದು ನಮ್ಮ ಹಿರಿಯರು ಹಾಕ್ಕೊಟ್ಟ ಪದ್ಧತಿ."

"ಹಂಗಾದ್ರೆ ಭೂಕಂಪ ಬರೋವರ್ಗೂ ನಾನು ಸ್ನಾನ ಮಾಡ್ದೆ ಕೂರ್ಲಾ?"

"ಬಂದ್ಮೇಲೂ ಮಾಡೋ ಹಾಗಿಲ್ಲ ಕುನಿಯೆ ಅವ್ರೇ. ಆ ನೀರು ಕಕ್ಕಸಿಗೆ."

ಆದರೂ ಹಿರಿಯರ ಕೋರಿಕೆಯನ್ನು ತಳ್ಳಿಹಾಕಿದರೆಂಬ ಮಾತು ಬರಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಧ್ಯಕ್ಷರು ಮನೆಯಿಂದ ಮನೆಗೆ ಹೋಗುವ ಸುತ್ತೋಲೆ ಹಲಗೆಗೆ ಒಂದು ಹಾಳೆ ಸಿಕ್ಕಿಸಿದರು:

"ಪ್ರಕಟಣೆ. ಮೂರನೇ ಕಟ್ಟಡದ ಸಮಸ್ತ ನಿವಾಸಿಗಳು ತಮ್ಮ ತಮ್ಮ ತೊಟ್ಟಿಗಳನ್ನು ಸದಾ ತುಂಬಿಟ್ಟಿರುತ್ತಾರೆಂದೂ, ತೊಟ್ಟಿಯಿಲ್ಲದ ಬದುಕನ್ನು ಕನಸಿನಲ್ಲಿಯೂ ಕಲ್ಪಿಸಿಕೊಳ್ಳರೆಂದೂ ಈ ಮೂಲಕ ಘೋಷಿಸಲಾಗಿದೆ. ಇದಕ್ಕೆ ಒಪ್ಪದವರು ಒಪ್ಪಿಗೆಯ ಮುದ್ರೆ ಒತ್ತಿ ತಿಳಿಸತಕ್ಕದ್ದು."

ಹಲಗೆ ಬಂದಾಗ ಅದನ್ನು ಓದುವ ಪದ್ಧತಿ ಅಲ್ಲಿಲ್ಲ. ಹಿಂದಿನ ಮನೆಯವರು ತಮ್ಮ ಹೆಸರಿನ ಮುದ್ರೆ ಒತ್ತಿದ್ದಾರೆಯೇ ಎಂದು ನೋಡಿ, ಕೆಳಗೆ ತಮ್ಮದನ್ನು ಒತ್ತಿ, ಮುಂದಿನ ಬಾಗಿಲಿಗೆ ನೇತುಹಾಕುವುದು ಕ್ರಮ. ಓದಿ ಒತ್ತಿದರೆ ಹಿಂದಿನ ಮನೆಯವರ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ತನ್ನ ಅರ್ಜಿ ಮಂಜೂರಾಗಿ ಬಂದಿದೆ ಎಂದುಕೊಂಡು ಕುನಿಯೆ ಅಜ್ಜಿಯೂ ಖುಷಿಯಿಂದ ಒತ್ತಿದಳು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ.

ಹಾಳೆ ವಾರ್ಡ್ ಕಚೇರಿಗೆ ಹೋಯಿತು. ಇಂಥ ದೇಶಭಕ್ತ ತೊಟ್ಟಿಗಳನ್ನು ಕಚೇರಿ ಹಿಂದೆಂದೂ ಕಂಡಿರಲಿಲ್ಲ. ಮೂರನೇ ಕಟ್ಟಡವನ್ನು "ಮಾದರಿ ಜಲಸನ್ನದ್ಧ ಕಟ್ಟಡ" ಎಂದು ಘೋಷಿಸಲು ನಿರ್ಧರಿಸಿ, ಪ್ರತಿ ಮನೆಯ ತೊಟ್ಟಿಯನ್ನೂ ಕಣ್ಣಾರೆ ನೋಡಿ ಬರಲು ಅಧಿಕಾರಿಯೊಬ್ಬರನ್ನು ಕಳಿಸುವುದಾಗಿ ತಿಳಿಸಿತು.

ಸಂಘದ ತುರ್ತು ಸಭೆ ಸೇರಿತು. ಮೊದಲು ತೊಮೊಎ ಬಾಯಿಬಿಟ್ಟಳು.

"ನಮ್ಮನೇಲಿ ತೊಟ್ಟಿ ಇದ್ದ ಜಾಗದಲ್ಲಿ ಮೂಲಂಗಿ ಉಪ್ಪಿನಕಾಯಿ ಪೀಪಾಯಿ ಇದೆ. ಅದ್ರಲ್ಲೂ ನೀರಿದೆ, ಉಪ್ಪುನೀರು. ನಡಿಯುತ್ತಾ?"

ಮೇಲಿನ ಮಹಡಿಯವರ ತೊಟ್ಟಿ ಹೋಗಿ ಬಟ್ಟೆ ಒಗೆಯುವ ಯಂತ್ರ ಬಂದಿತ್ತು. ಅವರ ಎದುರುಮನೆಯಲ್ಲಿ ಷವರ್, ಸ್ಟೂಲು, ಹಿಡಿ, ಕಾಲಡಿಗೆ ಜಾರದ ಟೈಲ್ಸು ಕೂಡ. ಒಬ್ಬೊಬ್ಬರದೇ ಹೊರಗೆ ಬಂತು. ಎಲ್ಲರ ಕಣ್ಣೂ ಅಧ್ಯಕ್ಷರ ಮೇಲೆ ನಿಂತಿತು.

"ನಮ್ಮಲ್ಲಿ ತೊಟ್ಟಿ ತಾತ್ಕಾಲಿಕವಾಗಿ ಇಲ್ಲ," ಎಂದರು ಶಿರಾಹಾಮಾ. "ಒಂಬತ್ತು ವರ್ಷದಿಂದ."

ಕುನಿಯೆ ಅಜ್ಜಿಯ ಮೈಯೆಲ್ಲ ಉರಿದುಹೋಯಿತು. "ಅಂದ್ರೆ ನೀವೆಲ್ಲ ಬಿಸಿನೀರಲ್ಲಿ ಬೆನ್ನು ಕಾಯಿಸ್ಕೊಂಡು, ನಾನೊಬ್ಳು ಒದ್ದೆ ಬಟ್ಟೇಲಿ ಒರೆಸ್ಕೊಂಡಿದ್ದೀನಾ?"

"ನೀವು ಕೇಳಿದ್ರಲ್ಲಾ ಅಕ್ಕಾ," ಎಂದಳು ತೊಮೊಎ ನೊಂದ ದನಿಯಲ್ಲಿ. "ಕೇಳಿದ್ರಿಂದ್ಲೇ ಇಷ್ಟೆಲ್ಲ ಆಗಿದ್ದು."

ಸಭೆ ತಲೆದೂಗಿತು. ತಪ್ಪು ಯಾರದೆಂದು ಇತ್ಯರ್ಥವಾದ ಮೇಲೆ ಉಪಾಯ ಹೊಳೆಯಲು ತಡವಾಗಲಿಲ್ಲ.

ಅಧಿಕಾರಿ ಬಂದ ದಿನ ಅಧ್ಯಕ್ಷರು ಬಾಗಿ ವಂದಿಸಿ ಅರಿಕೆ ಮಾಡಿಕೊಂಡರು: "ನಮ್ಮಲ್ಲಿ ಲಿಫ್ಟ್ ಇಲ್ಲ. ತಮಗೆ ಮೆಟ್ಟಿಲು ಹತ್ತೋ ಶ್ರಮ ಬೇಡ ಅಂತ ಎಲ್ಲಾ ಮನೆ ತೊಟ್ಟಿಗಳನ್ನೂ ನೆಲಮಹಡೀಲೇ ತೋರಿಸೋ ವ್ಯವಸ್ಥೆ ಮಾಡಿದ್ದೀವಿ."

"ಬಹಳ ಅನುಕೂಲವಾಯ್ತು," ಎಂದರು ಅಧಿಕಾರಿ.

ಅಜ್ಜಿಯ ಬಾಗಿಲಿಗೆ ಶಿರಾಹಾಮಾ ಎಂಬ ಹೆಸರಿನ ಹಲಗೆ ಹಾಕಲಾಯಿತು. ಅಧಿಕಾರಿ ಬೂಟು ಬಿಚ್ಚಿ ಒಳಗೆ ಹೋಗಿ, ತೊಟ್ಟಿ ನೋಡಿ, ಚಹಾ ಕುಡಿದು, ಹೊರಗೆ ಬಂದು ಬೂಟು ಹಾಕಿಕೊಂಡರು. ಹೆಸರಿನ ಹಲಗೆ ಬದಲಾಯಿತು. ಅಧಿಕಾರಿ ಬೂಟು ಬಿಚ್ಚಿ ಒಳಗೆ ಹೋದರು. ಈ ಸಲ ತೊಮೊಎ ಬಾಗಿ ಸ್ವಾಗತಿಸಿದಳು. ಕುನಿಯೆಯ ಗಂಡನ ಫೋಟೊ ಮಾತ್ರ ಎಲ್ಲ ಮನೆಗಳಲ್ಲೂ ಅದೇ ಗೋಡೆಯ ಮೇಲಿತ್ತು. ಅಧಿಕಾರಿ ಪ್ರತಿ ಮನೆಯಲ್ಲೂ ಅದಕ್ಕೆ ಕೈಮುಗಿದು, ನಡುವೆ ಒಮ್ಮೆ ಮೆಲ್ಲಗೆ ಕೇಳಿದರು: "ಇವರು ಕಟ್ಟಡಕ್ಕೆಲ್ಲ ಬೇಕಾದವರಾಗಿದ್ರು ಅನ್ಸುತ್ತೆ?"

"ಎಲ್ಲರಿಗೂ ಸ್ವಂತದವರ ಹಾಗೇ ಇದ್ರು," ಎಂದರು ಅಧ್ಯಕ್ಷರು.

ಕೊನೆಗೆ ಕುನಿಯೆ ಅಜ್ಜಿಯ ಸರದಿ. ಅವಳು ತನ್ನದೇ ಬಾಗಿಲಲ್ಲಿ ನಿಂತಳು. ಇಷ್ಟು ಹೊತ್ತೂ ನೋಡಿದ್ದು ತನ್ನ ತೊಟ್ಟಿಯನ್ನೇ ಎಂದು ಹೇಳಿಬಿಡಲು ನಾಲಿಗೆ ತುದಿಯವರೆಗೆ ಮಾತು ಬಂದಿತ್ತು. ಅಷ್ಟರಲ್ಲಿ ಚಹಾದಿಂದ ಹೊಟ್ಟೆ ಉಬ್ಬಿದ್ದ ಅಧಿಕಾರಿ ಬೂಟಿಗೆ ಕೈ ಹಾಕದೆ ಅಲ್ಲೇ ನಿಂತರು.

"ನಿಮ್ಮದನ್ನ ನೋಡೋದು ಬೇಡ ಅಜ್ಜಿ. ಎಲ್ಲ ಒಂದೇ ಥರ ಇವೆ. ಆದ್ರೆ ತೊಟ್ಟಿ ತೆಗೆಸ್ಬೇಕು ಅಂತ ಕೇಳಿದ್ದು ನೀವೊಬ್ರೇ ಅಂತೆ. ಈ ವಯಸ್ಸಲ್ಲಿ ಇದು ಒಳ್ಳೇದಲ್ಲ. ಅಕ್ಕಪಕ್ಕದವರನ್ನ ನೋಡಿ ಕಲಿತ್ಕೊಳ್ಳಿ."

ವರದಿಯಲ್ಲಿ ಎಲ್ಲ ಮನೆಗಳಿಗೂ "ಅತ್ಯುತ್ತಮ" ಎಂದೂ, ಕುನಿಯೆಯ ಮನೆಗೆ ಮಾತ್ರ "ಎಚ್ಚರಿಕೆ ಅಗತ್ಯ" ಎಂದೂ ಬಂತು. ಕಟ್ಟಡದ ಹೊರಗೆ ಹಿತ್ತಾಳೆ ಫಲಕ ಬಿತ್ತು. ಸಂಘ ಸರ್ವಾನುಮತದಿಂದ ನಿರ್ಣಯಿಸಿತು: ಸದರಿ ತೊಟ್ಟಿ ಇನ್ನು ಮುಂದೆ ಎಲ್ಲ ಮನೆಗಳ ತೊಟ್ಟಿಯಾಗಿರತಕ್ಕದ್ದು, ಅದು ಸದಾ ತುಂಬಿರತಕ್ಕದ್ದು, ತುಂಬಿದ ನೀರಿಗೆ ಯಾರೂ, ವಿಶೇಷವಾಗಿ ಕುನಿಯೆಯವರು, ಇಳಿಯತಕ್ಕದ್ದಲ್ಲ.

"ಮತ್ತೆ ನನ್ನ ಸ್ನಾನ?" ಎಂದಳು ಅಜ್ಜಿ.

ಸಂಘ ಅಷ್ಟೊಂದು ಕಟುಕರದಲ್ಲ. ಅಜ್ಜಿ ದಿನಕ್ಕೊಂದು ಮನೆಯಂತೆ ಸರದಿಯಲ್ಲಿ ಸ್ನಾನಕ್ಕೆ ಹೋಗುವುದೆಂದು ಗೊತ್ತಾಯಿತು. ಆಯಾ ಮನೆಗಳ ತೊಟ್ಟಿಯಲ್ಲಿ ಎಂದು ನಿರ್ಣಯದಲ್ಲಿ ಬರೆಯಲಾಯಿತು, ಏಕೆಂದರೆ ಆ ಮನೆಗಳಲ್ಲಿ ತೊಟ್ಟಿ ಇದೆಯೆಂದು ವಾರ್ಡ್ ಕಚೇರಿಯೇ ಪ್ರಮಾಣಪತ್ರ ಕೊಟ್ಟಿದೆ.

ಮೊದಲ ಸರದಿ ಶಿರಾಹಾಮಾ ಅವರ ಮನೆಯದು. ಅಜ್ಜಿ ಟವೆಲು ಹಿಡಿದು ಬಂದಳು. ಅಧ್ಯಕ್ಷರು ಬಚ್ಚಲ ಹೊರಗೆ ಬೆನ್ನು ತಿರುಗಿಸಿ ನಿಂತು, "ಅಂಚು ಎತ್ತರ ಇದೆ, ಹುಷಾರಾಗಿ ದಾಟಿ," ಎಂದರು.

ಒಳಗೆ ಬರೀ ನೆಲ, ಸ್ಟೂಲು, ಷವರ್, ಗೋಡೆಗೊಂದು ಹಿಡಿ. ಅಜ್ಜಿ ಒಂದು ಗಳಿಗೆ ನೋಡಿದಳು. ಆಮೇಲೆ ಹಿಡಿಯನ್ನು ಹಿಡಿದು, ನೋಯುವ ಮಂಡಿಯನ್ನು ತುಸುವೇ ಎತ್ತಿ, ಇಲ್ಲದ ಅಂಚನ್ನು ದಾಟಿ, ಸ್ಟೂಲಿನ ಮೇಲೆ ಕೂತು ನಲ್ಲಿ ತಿರುಗಿಸಿದಳು. ಬಿಸಿನೀರು ಬೆನ್ನ ಮೇಲೆ ಧೋ ಎಂದು ಸುರಿಯಿತು. ಎಷ್ಟು ತಿಂಗಳ ಮೇಲೆ ಸುರಿದ ನೀರು! ಅಜ್ಜಿಗೆ ಅಳು ಬಂತು.

"ನೀರು ಎಲ್ಲೀವರ್ಗೂ ಬಂತು ಕುನಿಯೆ ಅವ್ರೇ?" ಹೊರಗಿನಿಂದ ಅಧ್ಯಕ್ಷರು ಕೇಳಿದರು.

"ಕುತ್ತಿಗೇವರ್ಗೂ ಬಂತು," ಎಂದಳು ಅಜ್ಜಿ. "ಇನ್ನು ಸಾಕು ಅಧ್ಯಕ್ಷರೇ, ತೊಟ್ಟಿ ತುಳುಕುತ್ತೆ."