ಸಾಲ್ಯಾನರ ಗೋಲ್ಡ್ ಟ್ಯಾಗು

"ಹಿಂದೆ ನಿಲ್ಲಿ, ಹಿಂದೆ ನಿಲ್ಲಿ! ಇದು ಸಾಮಾನ್ಯ ಟ್ಯಾಗ್ ಅಲ್ಲ ಮಾರಾಯ್ರೆ!" ಎಂದು ವಾಲ್ಟರ್ ಲೋಬೊ ಎರಡೂ ಕೈ ಚಾಚಿ ಕೂಗಿದರು. ಹಿಂದೆ ನಿಲ್ಲಲು ಅಲ್ಲಿದ್ದವರೇ ಇಬ್ಬರು, ಪುರಂದರ ಸಾಲ್ಯಾನ್ ಮತ್ತು ಅವರ ಹೆಂಡತಿ ವಾರಿಜಾ. ಜಾಗ ಮಂಗಳೂರಿನ ಉರ್ವದಲ್ಲಿ ಸಾಲ್ಯಾನರದೇ ಅಂಗಳ. ಪಕ್ಕದ ಮನೆಯ ಲೋಬೊ ಅಂದರೆ, ತೆಂಗಿನಕಾಯಿ ತಾನಾಗಿ ಕೀಳುವ ಯಂತ್ರ ಮಾಡಿ ತಮ್ಮದೇ ಮನೆಯ ಹೆಂಚು ಪುಡಿ ಮಾಡಿಕೊಂಡ ಮಹಾನುಭಾವರು!

ಸಾಲ್ಯಾನರು ಐಸ್ ಪ್ಲಾಂಟಿನ ಯಂತ್ರ ಮಾರುವ ಕಂಪೆನಿಯ ಮ್ಯಾನೇಜರು. ಕೊಚ್ಚಿ, ಮುಂಬಯಿ, ಪೋರಬಂದರ ಎಂದು ಸುತ್ತಿ ಸುತ್ತಿ ಬೆಳ್ಳಕ್ಕಿ ಏರ್‌ವೇಸಿನ ಗೋಲ್ಡ್ ಮೆಂಬರ್ ಆಗಿದ್ದರು. ಅದರ ಗುರುತಿಗೆ ವಿಮಾನದವರು ಕೊಟ್ಟ ಹಳದಿ ಪ್ಲಾಸ್ಟಿಕ್ ತುಂಡೊಂದು ಅವರ ಪ್ರಯಾಣದ ಪೆಟ್ಟಿಗೆಯ ಹಿಡಿಯಲ್ಲಿ ಸದಾ ನೇತಾಡುತ್ತಿತ್ತು. ಪೆಟ್ಟಿಗೆ ಕಪಾಟಿನ ಮೇಲಿದ್ದಾಗಲೂ ಬಿಚ್ಚುತ್ತಿರಲಿಲ್ಲ. ಮದುವೆಮನೆಗೆ ಹೋದರೆ ಟ್ಯಾಗು ಕಾಣುವ ಹಾಗೆ ಪೆಟ್ಟಿಗೆ ತಿರುಗಿಸಿಯೇ ಇಡುತ್ತಿದ್ದರು.

"ಅದನ್ನು ನೋಡಿದ ಕಳ್ಳನಿಗೆ ಈ ಮನೆಯ ಯಜಮಾನ ಯಾವಾಗಲೂ ಊರಲ್ಲಿಲ್ಲ ಅಂತ ಗೊತ್ತಾಗ್ತದೆ. ತೆಗೀರಿ," ಎಂದು ವಾರಿಜಾ ಹೇಳಿದರೆ, "ಕಳ್ಳನಿಗೂ ಗೊತ್ತಾಗಲಿ ನಾನು ಗೋಲ್ಡ್ ಅಂತ!" ಎನ್ನುತ್ತಿದ್ದರು.

ನಗಬೇಡಿ. ಆಫೀಸಿನಲ್ಲಿ ಧಣಿ ಅವರನ್ನು ಇವತ್ತಿಗೂ "ಏಯ್ ಐಸು" ಎಂದೇ ಕರೆಯುವುದು. ಮನೆಯಲ್ಲಿ ಅವರ ನೆನಪಾಗುವುದು ಗ್ಯಾಸ್ ಸಿಲಿಂಡರ್ ಬಂದಾಗ. ಬೆಳ್ಳಕ್ಕಿಯ ಕೌಂಟರಿನ ಹುಡುಗಿ ಮಾತ್ರ ಟ್ಯಾಗು ನೋಡಿ "ವೆಲ್‌ಕಮ್ ಸಾಲ್ಯಾನ್ ಸರ್!" ಎಂದು ನಗುತ್ತಿದ್ದಳು. ಆ ಒಂದು ಮಾತಿಗಾಗಿ ಅವರು ಪ್ರಾಣ ಕೊಡಲೂ ತಯಾರಿದ್ದರು.

ಈ ವರ್ಷ ಆಫೀಸಿನವರು ಮೀಟಿಂಗುಗಳನ್ನೆಲ್ಲ ಕಂಪ್ಯೂಟರಿನಲ್ಲೇ ಮುಗಿಸತೊಡಗಿ ಎಡವಟ್ಟಾಯಿತು. ತಿಂಗಳ ಕೊನೆಯೊಳಗೆ ಇನ್ನೊಂದು ಸಲ ಹಾರದಿದ್ದರೆ ಗೋಲ್ಡ್ ಹೋಗಿ ಕೆಳದರ್ಜೆಯ ನೀಲಿ ಟ್ಯಾಗು ಬರುತ್ತದೆ! ಸಾಲ್ಯಾನರು ಹೆದರಿ ಮುಂಬಯಿಗೆ ಟಿಕೇಟು ಮಾಡಿಸಿದರು.

"ಮುಂಬಯಿಯಲ್ಲಿ ಎಂತ ಕೆಲಸ?" ಎಂದು ವಾರಿಜಾ ಕೇಳಿದರು.

"ಎಂತದೂ ಇಲ್ಲ. ಹೋಗಿ ಇಳಿಯುವುದು, ತಿರುಗಿ ಬರುವುದು."

"ನಿಮ್ಮ ಮಂಡೆ ಸಮ ಉಂಟಾ? ಕುಂದಾಪುರದಲ್ಲಿ ನನ್ನ ತಂಗಿ ಎಷ್ಟು ವರ್ಷದಿಂದ ಕರೀತಾ ಇದ್ದಾಳೆ. ಅಲ್ಲಿಗೆ ಹೋಗ್ಲಿಕ್ಕೆ ನಿಮಗೆ ಪುರುಸೊತ್ತಿಲ್ಲ!"

"ಕುಂದಾಪುರಕ್ಕೆ ವಿಮಾನ ಇಲ್ಲವಲ್ಲ," ಎಂದರು ಸಾಲ್ಯಾನ್, ಬಹಳ ಗಂಭೀರವಾಗಿ.

ಈ ಕಷ್ಟವನ್ನು ಬೇಲಿಯ ಆಚೆಯಿಂದ ಕೇಳಿಸಿಕೊಂಡೇ ಲೋಬೊ ಹೊಸ ಟ್ಯಾಗು ತಯಾರಿಸಿದ್ದರು. ಅಂಗೈಯಗಲದ ಹೊಳೆಯುವ ತಗಡು, ಅದರಲ್ಲಿ ಮಿಣಮಿಣ ದೀಪ. ಪೆಟ್ಟಿಗೆಯ ಚಕ್ರಗಳಿಗೂ ಮೋಟಾರು ಕೂರಿಸಿದ್ದರು.

"ನಿಮ್ಮ ಹೆಸರು, ಮೆಂಬರ್ ನಂಬ್ರ, ಟಿಕೇಟು, ಎಲ್ಲ ಇದರೊಳಗೆ ಉಂಟು. ಯಾವ ಕಂಪ್ಯೂಟರಿನ ಹತ್ತಿರ ಹೋದರೂ 'ಸಾಲ್ಯಾನ್ ಬಂದರು, ದಾರಿ ಬಿಡಿ' ಅಂತ ಅದರ ಕಿವಿಯಲ್ಲಿ ಹೇಳ್ತದೆ. ಎಲ್ಲಿ ಕ್ಯೂ ಕಂಡರೂ ಪೆಟ್ಟಿಗೆ ಸೀದಾ ಎದುರಿಗೆ ಹೋಗಿ ನಿಲ್ತದೆ!" ಎಂದು ಲೋಬೊ ಎದೆಯುಬ್ಬಿಸಿದರು.

ಅಷ್ಟರಲ್ಲಿ ಪೋಂ ಪೋಂ ಎಂದು ಮೀನಿನ ಸ್ಕೂಟರು ಬಂತು. ಬೀದಿಯ ಹೆಂಗಸರೆಲ್ಲ ಮುತ್ತಿಕೊಂಡರು. ಪೆಟ್ಟಿಗೆ ಒಮ್ಮೆ ನಡುಗಿತು, ಅಂಗಳ ಬಿಟ್ಟು ಹೊರಗೆ ನುಗ್ಗಿತು, ಎಲ್ಲರ ಕಾಲಿಗೆ ಗುದ್ದಿ ಸ್ಕೂಟರಿನ ಎದುರು ಹೋಗಿ ನಿಂತಿತು! ಮೀನಿನ ಹಮೀದ್ ಗಾಬರಿಯಾಗಿ ಒಳ್ಳೇ ದಪ್ಪ ಬಂಗುಡೆಗಳನ್ನೇ ಆರಿಸಿ ಅದರ ನೆತ್ತಿಯ ಮೇಲಿಟ್ಟ.

"ಇದಾದರೆ ಅಡ್ಡಿಯಿಲ್ಲ," ಎಂದು ವಾರಿಜಾ ಮೊದಲ ಸಲ ಟ್ಯಾಗನ್ನು ಮೆಚ್ಚಿದರು.

ಮರುದಿನ ಎದುರುಮನೆಯ ಗೃಹಪ್ರವೇಶದ ಊಟಕ್ಕೆ ಸಾಲ್ಯಾನರು ಪೆಟ್ಟಿಗೆ ಎಳೆದುಕೊಂಡೇ ಹೋದರು. ಬಫೆಯ ಸಾಲು ಕಂಡದ್ದೇ ತಡ, ಪೆಟ್ಟಿಗೆ ಪುರೋಹಿತರನ್ನೂ ಬದಿಗೆ ತಳ್ಳಿ ಹೋಳಿಗೆಯ ಎದುರು ನಿಂತಿತು. ಪುರೋಹಿತರು ಪಾಯಸದ ಪಾತ್ರೆಗೆ ಕೈಯೂರಿ ಬೊಬ್ಬೆ ಹೊಡೆದರು. ಮನೆಯವರು ಸಾಲ್ಯಾನರನ್ನು ಹಿಗ್ಗಾಮುಗ್ಗಾ ಬೈದರು. ಸಾಲ್ಯಾನರಿಗೆ ಮಾತ್ರ ಒಳಗೊಳಗೇ ಖುಷಿ. ತಾನೇ ಮುಂದೆ ನಿಂತ ಹಾಗೆ ಆಗಿತ್ತು ಅವರಿಗೆ, ಹಿಂದೆ ಸಿಕ್ಕಿಬಿದ್ದು ಹೋಳಿಗೆ ಸಿಗದಿದ್ದರೂ!

ತಿಂಗಳ ಕೊನೆಯ ದಿನ ಬಂತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಟ್ಯಾಕ್ಸಿಯಿಂದ ಇಳಿಸಿದ್ದೇ ತಡ, ಪೆಟ್ಟಿಗೆ ಕೈ ಬಿಡಿಸಿಕೊಂಡು ಓಡಿತು.

"ನಿಲ್ಲು! ಏಯ್, ನಿಲ್ಲು ಮಾರಾಯ!" ಎಂದು ಸಾಲ್ಯಾನರು ಬೆನ್ನಟ್ಟಿದರು. ಪೆಟ್ಟಿಗೆ ಗೋಲ್ಡಿನವರ ಕೆಂಪು ಜಮಖಾನದ ಮೇಲೆ ಜುಯ್ಯೆಂದು ಸಾಗಿತು. ಸಾಲ್ಯಾನರನ್ನು ಮಾತ್ರ ಕಾವಲಿನವನು ಅಡ್ಡಗಟ್ಟಿದ.

"ನಿಮ್ಮ ಟ್ಯಾಗು?"

"ಅದೋ, ಆ ಪೆಟ್ಟಿಗೆಯಲ್ಲಿ!"

"ಹಾಗಾದರೆ ಪೆಟ್ಟಿಗೆ ಗೋಲ್ಡು. ನೀವು ಆ ಕಡೆ ಹೋಗಿ."

ಆ ಕಡೆ ಉದ್ದದ ಸಾಲು. ನೈಲಾನ್ ಹಗ್ಗ ಬಿಗಿದು ಮಾರ್ಕರಿನಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆಗಳ ನಡುವೆ ಸಾಲ್ಯಾನರು ನಿಂತರು. ಇಂಥ ಪೆಟ್ಟಿಗೆಗಳನ್ನು ಕಂಡರೆ ಮೂಗು ಮುರಿಯುತ್ತಿದ್ದವರು ಅವರೇ! ಮುಂದೆ ನಿಂತಿದ್ದ ಅಜ್ಜಿ ಅವರ ಬೆವರು ನೋಡಿ, "ಯಾಕೆ ಮಗಾ, ಪೆಟ್ಟಿಗೆ ಬಿಟ್ಟು ಹೋಯ್ತಾ? ಒಂದು ಹಗ್ಗ ಕಟ್ಟಿ ಹಿಡ್ಕೊಳ್ಬಾರದಿತ್ತಾ?" ಎಂದು ಮರುಗಿದರು.

ಅಂತೂ ಸರದಿ ಬಂತು. ಕೌಂಟರಿನಲ್ಲಿ ಅದೇ ಹುಡುಗಿ. ಸಾಲ್ಯಾನರು ಮುಖ ಅರಳಿಸಿ ನಿಂತರು. ಅವಳು ಅವರ ಮುಖ ನೋಡಲಿಲ್ಲ, ಕಂಪ್ಯೂಟರ್ ನೋಡಿದಳು.

"ಪಿ. ಸಾಲ್ಯಾನ್ ಆಗಲೇ ಹತ್ತಿ ಆಯ್ತಲ್ಲ ಸರ್. ಮುಂದಿನ ಸೀಟು, ಕಿಟಕಿ ಬದಿ."

"ಅದು ಪೆಟ್ಟಿಗೆ! ಸಾಲ್ಯಾನ್ ನಾನು! ಎಷ್ಟು ವರ್ಷದಿಂದ ನೀನೇ ನಗಾಡಿ ಮಾತಾಡಿಸಿದ್ದಲ್ಲವಾ ಮಾರಾಯ್ತಿ!"

ಹುಡುಗಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಾರಿ ಸರ್, ನಾವು ಟ್ಯಾಗು ನೋಡಿ ನಗುವುದು," ಎಂದಳು.

ಸಾಲ್ಯಾನರು ಬದಿಗೆ ಸರಿದು ಲೋಬೊಗೆ ಫೋನು ಮಾಡಿದರು. "ಲೋಬೊರೇ, ಅದನ್ನು ನಿಲ್ಲಿಸುವ ಸ್ವಿಚ್ ಎಲ್ಲಿ?"

"ಸ್ವಿಚ್ಚಾ? ಇಟ್ಟೇ ಇಲ್ಲ ಮಾರಾಯ್ರೆ! ಗೋಲ್ಡಿನವರು ಯಾರಾದರೂ ತಾವಾಗಿ ಹಿಂದೆ ಸರೀತಾರಾ?"

ಗಾಜಿನಾಚೆ ವಿಮಾನ ಹಾರಿಹೋಯಿತು. ಪೆಟ್ಟಿಗೆ ಮುಂಬಯಿ ನೋಡಿಕೊಂಡು, ಅಲ್ಲಿಯ ಸಾಲುಗಳಲ್ಲೆಲ್ಲ ಮುಂದೆ ನಿಂತು, ಒಂದು ವಾರ ಕಂಡ ಕಂಡ ವಿಮಾನ ಹತ್ತಿ ದೇಶ ಸುತ್ತಿತು. ಬೆಳ್ಳಕ್ಕಿಯವರು ಮರ್ಯಾದೆಯಿಂದ ಕಾರಿನಲ್ಲಿ ಮನೆಗೆ ಕಳಿಸಿದಾಗ ಅದು ಗೋಲ್ಡ್ ದಾಟಿ ಪ್ಲಾಟಿನಂ ಆಗಿತ್ತು! ಅಡ್ಡಾಡಿದ್ದು ಪೆಟ್ಟಿಗೆ, ಆದ್ದರಿಂದ ಮೆಂಬರೂ ಪೆಟ್ಟಿಗೆಯೇ ಎಂದು ಅವರ ಕಂಪ್ಯೂಟರು ತೀರ್ಮಾನಿಸಿತ್ತು. ಸಾಲ್ಯಾನರ ಹೆಸರಿನಲ್ಲಿ ನೀಲಿಯೂ ಉಳಿದಿರಲಿಲ್ಲ.

"ಒಳ್ಳೇದೇ ಆಯ್ತು. ಆ ದರಿದ್ರವನ್ನು ಗುಜರಿಗೆ ಹಾಕಿ ಬನ್ನಿ, ಕುಂದಾಪುರಕ್ಕೆ ಹೋಗುವ," ಎಂದರು ವಾರಿಜಾ.

"ಹಾಕ್ತೇನೆ," ಎಂದು ಸಾಲ್ಯಾನರು ಸಿಟ್ಟಿನಿಂದಲೇ ಪೆಟ್ಟಿಗೆಯನ್ನು ರಿಕ್ಷಾಕ್ಕೆ ಹತ್ತಿಸಿದರು. ಗುಜರಿ ಅಂಗಡಿ ಬಂತು. ಇಳಿಯಲು ಮನಸ್ಸೇ ಬರಲಿಲ್ಲ. ರಿಕ್ಷಾದವನಿಗೆ ಸಣ್ಣ ದನಿಯಲ್ಲಿ, "ವಿಮಾನ ನಿಲ್ದಾಣಕ್ಕೆ ಬಿಡು," ಎಂದರು.

ಕೌಂಟರಿನ ಹುಡುಗಿ ಎದ್ದು ನಿಂತು ಪೆಟ್ಟಿಗೆಗೆ ಕೈಮುಗಿದಳು. "ವೆಲ್‌ಕಮ್ ಸಾಲ್ಯಾನ್ ಸರ್!" ಆಮೇಲೆ ಇವರತ್ತ ತಿರುಗಿದಳು. "ಪ್ಲಾಟಿನಂನವರು ಜೊತೆಗೆ ಒಬ್ಬರನ್ನು ಲೌಂಜಿಗೆ ಕರ್ಕೊಂಡು ಹೋಗಬಹುದು. ನೀವು ಇವರ ಜೊತೆಯವರಾ?"

ಸಾಲ್ಯಾನರು ಉದ್ದದ ಸಾಲು ನೋಡಿದರು, ಕೆಂಪು ಜಮಖಾನ ನೋಡಿದರು.

"ಹೌದು," ಎಂದರು.

ಲೌಂಜಿನಲ್ಲಿ ಪೆಟ್ಟಿಗೆಗೆ ಸೋಫಾ ಸಿಕ್ಕಿತು, ಇವರಿಗೆ ಪಕ್ಕದಲ್ಲೊಂದು ಸ್ಟೂಲು. ಅಷ್ಟರಲ್ಲಿ ವಾರಿಜಾರ ಫೋನು ಬಂತು. "ಎಲ್ಲಿದ್ದೀರಿ? ಹೊಟ್ಟೆಗೆ ಎಂತಾದರೂ ಹಾಕಿದಿರಾ?"

ಸಾಲ್ಯಾನರು ಕಟ್ಲೆಟ್ಟು ಅಗಿಯುತ್ತ ಸೋಫಾದ ಕಡೆ ನೋಡಿ ದನಿ ತಗ್ಗಿಸಿದರು.

"ಆಯ್ತು, ಆಯ್ತು. ಅವರು ತಿನ್ನುವುದಿಲ್ಲವಂತೆ. ಅವರ ಪಾಲಿನದ್ದನ್ನೂ ನನಗೇ ಕೊಟ್ಟರು."