ಗುಂಡಮ್ಮನ ಚಿಟಿಕೆ ಕೊಬ್ಬು

“ಅಮ್ಮಾ, ಕೆಳಗಿನ ಮನೆ ಟೈಲರಜ್ಜಿ ತಟ್ಟೆ ಮುಂದಿಟ್ಕೊಂಡು ಊಟ ಮಾಡ್ದೇ ಯಾಕೆ ಕೂತಿರ್ತಾರೆ?” ಎಂದು ಮಗಳು ಕೇಳಿದಳು.

ಇಳಿದು ಹೋಗಿ ನೋಡಿದೆ. ಹೊಲಿಗೆ ಮೆಷಿನ್ನಿನ ಪಕ್ಕ ಟೈಲರಮ್ಮ, ಮಡಿಲಲ್ಲಿ ಅವರ ಬೆಕ್ಕು ಸೂಜಿ. (ತಮಾಷೆಗೆ ಇಟ್ಟ ಹೆಸರು, ಈಗ ನಿಜಕ್ಕೂ ದಾರ ಪೋಣಿಸುವಷ್ಟು ಸಣಕಲು.) ಬೆಕ್ಕಿನ ಬಾಯಿ ತುಂಬ ಹುಣ್ಣು. ಹಲ್ಲನ್ನೆಲ್ಲ ಕೀಳಿಸಿದ್ದರೂ ವಸಡಿನ ಉರಿ ಆರಿರಲಿಲ್ಲ. ಹಾಲು ತಾಗಿದರೂ ಚೀರುತ್ತಿತ್ತು. ಅದು ತಿನ್ನದೆ ಇವರ ಗಂಟಲಲ್ಲೂ ತುತ್ತು ಇಳಿಯುತ್ತಿರಲಿಲ್ಲ.

ನಮ್ಮ ಬೆಕ್ಕು ಗುಂಡಮ್ಮನಿಗೆ ಮರುದಿನ ಮರಿಯಾಗದಂತೆ ಆಪರೇಷನ್ ಇತ್ತು. “ನೀವೂ ಬನ್ನಿ ಟೈಲರಮ್ಮ, ಡಾಕ್ಟರಿಗೆ ಇನ್ನೊಂದ್ಸಲ ತೋರಿಸೋಣ” ಎಂದು ಹೊರಡಿಸಿದೆ. (ಉಪಕಾರ ಮಾಡುವ ಚಟ ನನಗೆ ಮೊದಲಿನಿಂದಲೂ ಇದೆ. ಅದರಿಂದ ಉದ್ಧಾರವಾದ ದಾಖಲೆ ಇಲ್ಲ.)

ಡಾಕ್ಟರಮ್ಮ ಸೂಜಿಯ ಬಾಯಿ ನೋಡಿ ನಿಟ್ಟುಸಿರಿಟ್ಟರು. “ಇದರ ಮೈ ತನ್ನ ವಸಡನ್ನೇ ಶತ್ರು ಅಂದ್ಕೊಂಡು ಕಾದಾಡ್ತಿದೆ. ಸ್ಟೆಮ್ ಸೆಲ್ ಅಂತ, ಮೂಲ ಜೀವಕೋಶಗಳನ್ನ ಕೊಟ್ಟು ನೋಡಬಹುದು. ಅವು ಹೋಗಿ ರಾಜಿ ಮಾಡಿಸ್ತವೆ. ಎಲ್ಲ ಬೆಕ್ಕಿಗೂ ಹಿಡಿಸುತ್ತೆ ಅಂತ ಮಾತು ಕೊಡಲ್ಲ.”

“ಎಲ್ಲಿ ಸಿಗ್ತವೆ ಡಾಕ್ಟ್ರೇ ಅವು?” ಎಂದೆ. ನಮ್ಮ ಮನೆಗೂ ಒಂದು ಬಾಟಲಿ ಬೇಕಾಗಿತ್ತು.

“ಕೊಬ್ಬಲ್ಲಿ. ಆದರೆ ಇದಕ್ಕೆ ಕೊಬ್ಬೆಲ್ಲಿದೆ?”

ಮೂವರ ಕಣ್ಣೂ ನನ್ನ ಬುಟ್ಟಿಯತ್ತ ತಿರುಗಿತು. ಬುಟ್ಟಿಯೊಳಗೆ ಗುಂಡಮ್ಮ ಸಾಕ್ಷಾತ್ ಕುಂಬಳಕಾಯಿಯಂತೆ ವಿರಾಜಮಾನಳಾಗಿದ್ದಳು.

“ಪರೀಕ್ಷೆಯಲ್ಲಿ ಇವಳಿಗೆ ಯಾವ ಕಾಯಿಲೆಯೂ ಇಲ್ಲ ಅಂತ ಬಂದರೆ ಸಾಕು. ಆಪರೇಷನ್ನಿಗೆ ಹೊಟ್ಟೆ ಹೇಗೂ ಕೊಯ್ತೀವಿ, ಒಂದು ಚಿಟಿಕೆ ತಗೋತೀವಿ” ಎಂದರು ಡಾಕ್ಟರಮ್ಮ.

“ಒಂದು ಬೊಗಸೆನೇ ತಗೊಳ್ಳಿ” ಎಂದರು ಟೈಲರಮ್ಮ, ತಮ್ಮದೇ ಗಂಟಿನಿಂದ ಕೊಡುವವರಂತೆ.

ಮುಂದಿನದನ್ನು ಬರೆಯುವಾಗ ಈಗಲೂ ಮೈ ಜುಂ ಎನ್ನುತ್ತದೆ. ನಾನು ಹೆಪ್ಪು ಹಾಕಿದ ಹಾಲು ಒಂದೊಂದು ದಿನ ಮೊಸರಾಗುವುದೇ ಇಲ್ಲ. ಅಲ್ಲಿ ಪ್ರಯೋಗಾಲಯದಲ್ಲಿ ಯಾರೋ ಆ ಚಿಟಿಕೆಯೊಳಗಿನ ಕಣ್ಣಿಗೆ ಕಾಣದ ಜೀವಗಳನ್ನು ಬೆಚ್ಚಗಿಟ್ಟು, ಉಣಿಸಿ, ಲಕ್ಷಗಟ್ಟಲೆ ಬೆಳೆಸಿದರು. ವಾರಗಳ ನಂತರ ಅವನ್ನು ಸೂಜಿಯ ಮುಂಗಾಲಿನ ರಕ್ತನಾಳದೊಳಗೆ ಹನಿಹನಿಯಾಗಿ ಇಳಿಸಿದರು. ಕಾಲಲ್ಲಿ ಹೊಕ್ಕ ಆ ಜೀವಗಳಿಗೆ ಉರಿ ಇರುವುದು ಬಾಯಲ್ಲಿ ಎಂದು ಹೇಳಿದವರು ಯಾರು? ಮಗಳನ್ನು ಎದೆಗವಚಿಕೊಂಡು ಆ ಹನಿಗಳನ್ನೇ ನೋಡುತ್ತ ನಿಂತೆ. ಟೈಲರಮ್ಮನ ತುಟಿ ಅಲುಗುತ್ತಿತ್ತು.

ದಿನಗಳು ಕಳೆದವು. ಏನೂ ಆಗಲಿಲ್ಲ. ಇನ್ನಷ್ಟು ಕಳೆದವು. ಒಂದು ಬೆಳಿಗ್ಗೆ ಕೆಳಗಿನ ಮೆಷಿನ್ ಸದ್ದು ತಟ್ಟನೆ ನಿಂತಿತು. ಗಾಬರಿಯಿಂದ ಓಡಿದೆ. ಸೂಜಿ ತಟ್ಟೆ ನೆಕ್ಕುತ್ತಿತ್ತು! ಪಕ್ಕದಲ್ಲಿ ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತ ಗಬಗಬನೆ ಉಣ್ಣುತ್ತಿದ್ದರು.

“ಇನ್ಮೇಲೆ ನಾವು ಬೀಗರು ಕಣಮ್ಮ” ಎಂದರು. ನಾನು ಬೀಗಿಹೋದೆ. ಗುಂಡಮ್ಮನದಲ್ಲ, ನನ್ನದೇ ದಾನವೆಂಬಂತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಬೀಗತಿ ಸೂಜಿ ಮೈ ತುಂಬಿಕೊಂಡಳು. ಮೆಟ್ಟಿಲು ಹತ್ತಿ ನಮ್ಮ ಅಡುಗೆಮನೆಗೂ ಬರತೊಡಗಿದಳು. ನಿನ್ನೆ ನಾನು ಕೈ ತೊಳೆದು ಬರುವಷ್ಟರಲ್ಲಿ ಮಗಳಿಗೆಂದು ಇಟ್ಟಿದ್ದ ಮೀನಿನ ತುಂಡನ್ನು ಬಾಯಲ್ಲಿಟ್ಟುಕೊಂಡು ಓಡಿದಳು. ಹಿಂದೆಯೇ ಟೈಲರಮ್ಮ ಹತ್ತಿ ಬಂದರು. ಕ್ಷಮೆ ಕೇಳುತ್ತಾರೆಂದು, “ಪರವಾಗಿಲ್ಲ ಬಿಡಿ” ಎನ್ನಲು ಬಾಯಿ ಸಿದ್ಧಮಾಡಿಕೊಂಡೆ.

“ನನ್ನ ಸೂಜಿ ಹುಟ್ಟಿದಾಗಿನಿಂದ ಕದ್ದವಳಲ್ಲ” ಎಂದರು. “ನಿಮ್ಮ ಗುಂಡಮ್ಮನದ್ದು ಮೈಗೆ ಸೇರಿದ ಮೇಲೇ ಈ ಬುದ್ಧಿ ಬಂದಿದ್ದು.”

“ಅದು ಹಾಗೆಲ್ಲ ಬರಲ್ಲ ಟೈಲರಮ್ಮ! ಡಾಕ್ಟರನ್ನೇ ಕೇಳಿ!”

“ಹೋಗ್ಲಿ, ಬೀಗರ ಮೇಲೆ ತಪ್ಪು ಹೊರಿಸಬಾರದು.” ಅವರು ನನ್ನ ಕೈ ಹಿಡಿದುಕೊಂಡರು. ದನಿ ಮೆತ್ತಗಾಯಿತು. “ಒಂದು ಉಪಕಾರ ಮಾಡ್ತೀಯೇನಮ್ಮ? ನಾಳೆಯಿಂದ ಮೀನಿನ ಮುಳ್ಳು ತೆಗೆದು ಇಡು. ಪಾಪ, ಅವಳಿಗೆ ಹಲ್ಲಿಲ್ಲ.”