ನೆಲಮಾಳಿಗೆಯಲ್ಲಿ ಐದು ಸೂರ್ಯ

ಮ್ಯಾನೇಜರ ಹೆಂಡತಿ ಸಂಜೆ ಗಿಡ ನೋಡಲು ಬರುತ್ತಾರಂತೆ ಎಂಬ ಸುದ್ದಿ ಬೆಳಗ್ಗೆ ಮೆಟ್ಟಿಲಿಳಿದು ಬಂದದ್ದೇ ತಡ, ಗೂಬೆಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಗೂಬೆ ಎಂದರೆ ಆ ಪಾರ್ಸೆಲ್ ಕಂಪನಿಯ ನೆಲಮಾಳಿಗೆಯ ಗುಮಾಸ್ತ. ಕತ್ತಲಲ್ಲಿ ಕೂತು ವಾರಸುದಾರರಿಲ್ಲದ ಪಾರ್ಸೆಲ್ಲು ಕಾಯುವವನಿಗೆ ಆಫೀಸಿನವರು ಇಟ್ಟ ಹೆಸರು ಅದು. ಗಾಳಿ ಬೆಳಕು ಕೂಡ ಸಂಬಳ ನೋಡಿಯೇ ಬರುವ ಜಾಗದಲ್ಲಿ ಧೂಳು ಕುಡಿದು ಕುಡಿದು ಅವನ ಕೆಮ್ಮು ಹಳೇ ಸ್ಕೂಟರಿನಂತಾಗಿತ್ತು. ಶುರುವಾದರೆ ಬೀದಿಯ ತನಕ ಕೇಳಿಸುತ್ತಿತ್ತು. ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿಯೊಂದು ಖಾಲಿ ಬಿದ್ದಿತ್ತು. ಅದು ಯಾರಿಗೆಂಬುದು ಮ್ಯಾನೇಜರ ಕೈಯಲ್ಲಿ. ಅಂಥ ಹೊತ್ತಿನಲ್ಲೇ ಮ್ಯಾನೇಜರು ಕುಂಡವೊಂದನ್ನು ಸ್ವತಃ ಹೊತ್ತು ತಂದು, "ನಮ್ಮ ಮನೆಯವಳ ಪ್ರಾಣ ಕಣೋ ಇದು. ಮನೆಗೆ ಬಣ್ಣ ಬಳಿಸ್ತಿದೀವಿ, ಅಲ್ಲೀತನಕ ನೀನೇ ನೋಡ್ಕೋ. ಮೇಲೆ ಮಾತ್ರ ಒಯ್ಯಬೇಡ, ಕಂಡಕಂಡವರು ಕೈ ಹಾಕ್ತಾರೆ" ಎಂದು ಬೆನ್ನು ತಟ್ಟಿ ಹೋದರೆ ಯಾರು ತಾನೇ ಉಬ್ಬುವುದಿಲ್ಲ?

ಗೂಬೆ ಉಬ್ಬಿದ. ಗಿಡ ಸೊರಗಿತು. ಎಲೆಗಳಿಗೆ ಕಾಮಾಲೆ ಹಿಡಿಯಿತು. ಇದ್ದೊಂದು ಮೊಗ್ಗು ಜಿಪುಣನ ಮುಷ್ಟಿಯಂತೆ ಬಿಗಿದುಕೊಂಡೇ ಕೂತಿತು.

"ಬಿಸಿಲು ಇಲ್ಲಿಗೆ ಬರಲ್ವಾ? ಬೇಡ ಬಿಡು. ನಾನೇ ಬಿಸಿಲು ಮಾಡ್ತೀನಿ!" ಎಂದು ಗೂಬೆ ಅಂಗಿಯ ತೋಳು ಮಡಚಿದ.

ಯಾರಿಗೂ ಬೇಡವಾದ ಪಾರ್ಸೆಲ್ಲೊಂದರಲ್ಲಿ ದೊಡ್ಡ ಅಲ್ಯೂಮಿನಿಯಂ ಟಬ್ಬಿತ್ತು. ಒಳಗೆಲ್ಲ ಕನ್ನಡಿಯಂಥ ಹೊಳಪು. ಅದನ್ನು ಬೋರಲು ಹಾಕಿ, ತಳದಲ್ಲಿ ಐದು ತೂತು ಕೊರೆದು, ಐದು ಹೋಲ್ಡರು ಸಿಕ್ಕಿಸಿದ. ಬಲ್ಬು? ಮೆಟ್ಟಿಲಿನವು ಎರಡು ಬಂದವು, ಕ್ಯಾಂಟೀನಿನದೊಂದು ಬಂತು, ಟೈಪಿಸ್ಟಮ್ಮನ ಮೇಜಿನ ದೀಪದ್ದೊಂದು ಬಂತು. ಐದನೆಯದನ್ನು ಪಾಯಿಖಾನೆಯ ಬಾಗಿಲ ಮೇಲಿಂದ ಬಿಚ್ಚುವಾಗ ಒಳಗಿದ್ದ ಲೆಕ್ಕಾಧಿಕಾರಿ "ಯಾವನೋ ಅವನು?" ಎಂದು ಕೂಗಿದರು.

"ಕರೆಂಟು ಹೋಗಿದೆ ಸಾರ್, ಅಲ್ಲೇ ಕೂತಿರಿ" ಎಂದು ಗೂಬೆ ಸ್ಟೂಲಿನಿಂದ ಹಾರಿ ಓಡಿದ.

ಒಂದೇ ತಂತಿಯಲ್ಲಿ ಮಣಿ ಪೋಣಿಸಿದಂತೆ ಒಂದು ಹೋಲ್ಡರಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಪೋಣಿಸುತ್ತ ಹೋದ. ಉಸಿರು ಬಿಗಿಹಿಡಿದು ಸ್ವಿಚ್ಚು ಒತ್ತಿದ. ಐದೂ ಬಲ್ಬುಗಳು ಆರುತ್ತಿರುವ ಸಿಗರೇಟಿನ ತುದಿಯಂತೆ ಕೆಂಪಗೆ ಮಿಣಕಿದವು, ಅಷ್ಟೆ.

ಅಷ್ಟರಲ್ಲಿ ಬಲ್ಬು ಕಳೆದುಕೊಂಡವರೆಲ್ಲ ದಂಡೆತ್ತಿ ಬಂದರು. ಮುಂದೆ ಲೆಕ್ಕಾಧಿಕಾರಿ, ಇನ್ನೂ ಬೆಲ್ಟು ಬಿಗಿಯುತ್ತಿದ್ದರು. ಬಡಿಯಲೆಂದೇ ಬಂದವರು ಟಬ್ಬು ನೋಡಿದ್ದೇ ಬುದ್ಧಿ ಹೇಳಲು ನಿಂತರು. ಬುದ್ಧಿ ಹೇಳುವ ಚಪಲದ ಮುಂದೆ ಸಿಟ್ಟು ಯಾವ ಲೆಕ್ಕ?

"ಮಧ್ಯದ ಬಲ್ಬು ಕೆಟ್ಟಿದೆ, ಅದೇ ಎಲ್ಲಾನೂ ಹಾಳು ಮಾಡ್ತಿದೆ" ಎಂದು ಲೆಕ್ಕಾಧಿಕಾರಿ ಅದನ್ನು ತಿರುಚಿ ಕಿತ್ತರು. ಉಳಿದ ನಾಲ್ಕೂ ಆರಿಹೋದವು.

"ನಮ್ಮ ನೌಕರರ ಸಂಘದ ಥರಾನೇ" ಎಂದರು ಟೈಪಿಸ್ಟಮ್ಮ. "ಒಬ್ಬ ರಜಾ ಹಾಕಿದ್ರೆ ಎಲ್ಲರೂ ಮಲಗಿಬಿಡ್ತಾರೆ."

ಕ್ಯಾಂಟೀನಿನ ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ಒಂದು ಲೋಟ ಚಹಾನ ಐದು ಜನಕ್ಕೆ ಹಂಚಿದೀಯಲ್ಲೋ ಪುಣ್ಯಾತ್ಮ! ತಲೆಗೊಂದು ಗುಟುಕೂ ಬರಲ್ಲ. ಇನ್ನೇನು ನಿನ್ನ ತಲೆ ಉರಿಯತ್ತೆ?" ಎಂದು ರೇಗಿದಳು.

ಗೂಬೆ ನೆಗೆದು ನಿಂತ. "ಅಕ್ಕಾ, ಇನ್ನೊಂದ್ಸಲ ಹೇಳು! ತಲೆಗೊಂದು ಲೋಟ! ಒಬ್ಬೊಬ್ಬರಿಗೂ ಪೂರ್ತಿ ಲೋಟ!"

ಪೋಣಿಸಿದ್ದನ್ನೆಲ್ಲ ಕಿತ್ತ. ರೈಲು ಹಳಿಯಂತೆ ಎರಡು ಉದ್ದ ತಂತಿ ಎಳೆದ. ಪ್ರತಿ ಹೋಲ್ಡರಿನ ಒಂದು ಕಾಲು ಈ ಹಳಿಗೆ, ಇನ್ನೊಂದು ಕಾಲು ಆ ಹಳಿಗೆ. ಟೇಪು ಸುತ್ತುತ್ತ ಸುತ್ತುತ್ತ ಗಡಿಯಾರ ನೋಡಿದ. ಇನ್ನೊಂದೇ ಜಾಗ ಬಾಕಿ ಇತ್ತು.

"ಇಲ್ಲಿ ಎರಡು ತುದಿ ಸುಮ್ಮನೆ ನೇತಾಡ್ತಿದಾವಲ್ಲೋ" ಎಂದು ಲೆಕ್ಕಾಧಿಕಾರಿ ಆ ಎರಡನ್ನೂ ಸೇರಿಸಿ ಚೊಕ್ಕವಾಗಿ ಹೊಸೆದರು. "ನೋಡೋಣ, ಹಾಕ್ರೀ" ಎಂದರು. ಟೈಪಿಸ್ಟಮ್ಮ ಹಾಕಿಯೇಬಿಟ್ಟರು.

ಢಪ್!

ಇಡೀ ಕಟ್ಟಡ ಕತ್ತಲಾಯಿತು. ಮಹಡಿ ಮಹಡಿಯಿಂದ ಬೈಗುಳ ಇಳಿದುಬಂತು. "ಅಯ್ಯೋ, ಬೆಳಗ್ಗಿಂದ ಕಂಪ್ಯೂಟರಲ್ಲಿ ಹೊಡೆದ ಕಾಗದ ಎಲ್ಲಾ ಹೋಯ್ತು!" ಎಂದು ಟೈಪಿಸ್ಟಮ್ಮ ಹಣೆ ಚಚ್ಚಿಕೊಂಡರು. ಯಾರ ಮೇಲೆ ಗೂಬೆ ಕೂರಿಸುವುದೆಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಅವನು ಅಲ್ಲೇ ಕೂತಿದ್ದ.

"ನಿನ್ನ ಕೈಗಿಷ್ಟು ಕೊಳ್ಳಿ ಇಡ!" ಎಂದರು ಲೆಕ್ಕಾಧಿಕಾರಿ, ತಮ್ಮ ಕೈ ಒರೆಸಿಕೊಳ್ಳುತ್ತ.

ಹಲ್ಲು ಕಚ್ಚಿ, ಸ್ವಿಚ್ಚು ಆರಿಸಿ ಗೂಬೆ ಓಡಿದ. ಫ್ಯೂಸು ಕಟ್ಟಿದ, ಹೊಸೆದದ್ದನ್ನು ಬಿಡಿಸಿದ, ಕೊನೆಯ ಜೋಡಣೆ ಮುಗಿಸಿದ. ಎಲ್ಲರನ್ನೂ ಗೋಡೆಗೆ ಸರಿಸಿ, ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದ.

ಐದು ಸೂರ್ಯ ಒಟ್ಟಿಗೇ ಹುಟ್ಟಿದಂತಾಯಿತು. ಜೇಡಗಳು ಗಂಟುಮೂಟೆ ಕಟ್ಟಿ ಓಡಿದವು. ಟಬ್ಬನ್ನು ಹಗ್ಗದಲ್ಲಿ ಗಿಡದ ಮೇಲೆ ತೂಗುಹಾಕಿದರು, ಸುಡದಷ್ಟು ಎತ್ತರಕ್ಕೆ. ಅಕ್ಕ ನೀರು ಚಿಮುಕಿಸಿದಳು. ಗೂಬೆ ಆ ಗೋಡೆಯಿಂದ ಈ ಗೋಡೆಗೆ ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ತಿರುಗಿದ. ಮಧ್ಯಾಹ್ನ ಜಾರಿತು. ಸಂಜೆಯ ಹೊತ್ತಿಗೆ, ಆ ಕಾವಿಗೆ, ಮೊಗ್ಗಿನ ಒಂದು ಎಸಳು ಬಿಚ್ಚಿತು. ಮತ್ತೊಂದು. ಆಮೇಲೆ ಹೂವೇ ಅರಳಿ ನಿಂತಿತು. ಲೆಕ್ಕಾಧಿಕಾರಿ ಕಣ್ಣೊರೆಸಿಕೊಂಡು, "ಬೆಳಕು ಜಾಸ್ತಿ ಆಯ್ತು" ಎಂದರು.

ಸರಿಯಾಗಿ ಆಗಲೇ ಮ್ಯಾನೇಜರು ಹೆಂಡತಿಯೊಡನೆ ಇಳಿದುಬಂದರು. ಆಕೆ ಹೂ ಕಂಡದ್ದೇ ಕಿರುಚಿ ಫೋನು ತೆಗೆದರು. "ಅಮ್ಮಾ, ಅರಳಿತು! ಹೂಂ, ಮಾತು ಅಂದ್ರೆ ಮಾತು. ಈ ಗಿಡ ಹೂ ಬಿಟ್ರೆ ನೀನು ಇನ್ನು ನಮ್ಮನೇಲೇ ಇರೋದು ಅಂತ ನಿನ್ನ ಅಳಿಯಾನೇ ಪಂದ್ಯ ಕಟ್ಟಿದ್ದಲ್ವಾ? ಇವತ್ತೇ ಸಾಮಾನು ಕಟ್ಟು!"

ಮ್ಯಾನೇಜರ ಮುಖ ಹರಳೆಣ್ಣೆ ಕುಡಿದಂತಾಯಿತು.

"ರೀ, ಇವರ ಕೈಗುಣ ನೋಡಿ! ಮನೇಲಿ ಇನ್ನೂ ಹತ್ತು ಕುಂಡ ಇದಾವೆ, ನಾಳೇನೇ ಕಳಿಸ್ತೀನಿ. ಇವರನ್ನ ಇಲ್ಲಿಂದ ಯಾವತ್ತೂ ಕದಲಿಸಬೇಡಿ."

"ಖಂಡಿತ ಕದಲಿಸಲ್ಲ" ಎಂದರು ಮ್ಯಾನೇಜರು. ಹಲ್ಲು ಕಟಕಟಿಸಿದ್ದು ಎಲ್ಲರಿಗೂ ಕೇಳಿಸಿತು.

ಆಕೆ ಮೆಟ್ಟಿಲೇರಿದ ಮೇಲೆ ಗೂಬೆ ಕೆಮ್ಮು ನುಂಗಿಕೊಂಡು, "ಸಾರ್, ಆ ಕಿಟಕಿ ಪಕ್ಕದ ಕುರ್ಚಿ..." ಎಂದು ರಾಗ ಎಳೆದ.

ಮ್ಯಾನೇಜರು ಅವನ ಕಿವಿಯ ಹತ್ತಿರಕ್ಕೆ ಬಾಗಿದರು.

"ಕಿಟಕೀನಾ? ಈ ಕಟ್ಟಡದ ತುಂಬ ಕಿಟಕಿ ಇದಾವೆ ಕಣೋ. ಅಷ್ಟೂ ಬಿಟ್ಟು, ಕಿಟಕಿ ಇಲ್ಲದ ಒಂದೇ ಒಂದು ಕೋಣೆ ಹುಡುಕಿ ನಾನು ಈ ಗಿಡಾನ ಯಾಕೆ ತಂದಿಟ್ಟೆ ಅಂತ ನಿನ್ನ ತಲೆಗೆ ಹೊಳೀಲೇ ಇಲ್ವೇನೋ?"